ಮಾರಾಟಕ್ಕಿಲ್ಲದ ಮದ್ದು

ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ, ಮಾಲು ಆಮೇಲೆ ನೋಡಿ. ನಾನು ತೆತ್ತದ್ದು ಒಂದು ಮಳೆಗಾಲ. ತೊಂಬತ್ತಮೂರನೆಯ ಇಸವಿಯ ಮಳೆಗಾಲ, ಮೃಗಶಿರೆಯ ಮೊದಲ ಹನಿಯಿಂದ ಗಣಪತಿಯ ಪೆಂಡಾಲು ಏಳುವವರೆಗೆ, ಬಟ್ಟೆಯ ಥಾನಿನಂತೆ ಇಡಿಯಾಗಿ, ಒಂದು ಗೇಣೂ ಕತ್ತರಿಸಿ ಉಳಿಸಿಕೊಳ್ಳದೆ. ಯಾಕೆ ತೆತ್ತೆ ಅಂದರೆ, ಎದುರಿನವರು ಮೊದಲು ಹೇಳಿದ ಬೆಲೆಗೆ ಹೂಂ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಸೀರೆಯಿರಲಿ, ಸೌತೆಕಾಯಿಯಿರಲಿ, ಮನುಷ್ಯನ ಆಯುಸ್ಸಿರಲಿ, ಹೇಳಿದವರು ಒಂದಿಷ್ಟು ಇಟ್ಟುಕೊಂಡೇ ಹೇಳಿರುತ್ತಾರೆ ಎಂಬ ನಂಬಿಕೆಯ ಮೇಲೆ ನನ್ನ ಸಂಸಾರವನ್ನು ಕಟ್ಟಿದವಳು ನಾನು. ಆ ಮಳೆಗಾಲವೆಲ್ಲ ನನ್ನ ಹೆಗಲಿನಲ್ಲಿ ಸೀರೆಯ ಗಂಟು ಇತ್ತು, ಗಂಟಿನೊಳಗೆ ಎರಡು ರೇಷ್ಮೆ ಸೀರೆಗಳ ನಡುವೆ ನಮ್ಮ ಯಜಮಾನರ ಮಿದುಳಿನ ಸ್ಕ್ಯಾನ್ ಫಿಲ್ಮುಗಳಿದ್ದವು. ಅವನ್ನು ಮಡಿಕೆ ಬೀಳದಂತೆ, ನೆನೆಯದಂತೆ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಒಯ್ಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ನಿಮಗೆ ಎಂದೂ ಬೇಕಾಗದಿರಲಿ, ಬೇಕಾದರೆ ನೆನಪಿಡಿ.

ನಾನು ತಿಪಟೂರಿನ ಕಡೆಯವಳು. ಮದುವೆಯಾಗಿ ಮುಂಬಯಿಯ ದಹಿಸರಿಗೆ ಬಂದಾಗ ನನಗೆ ಬರುತ್ತಿದ್ದ ಹಿಂದಿಯೆಂದರೆ ‘ಕಿತನಾ’, ಎಷ್ಟು, ಎಂಬ ಒಂದೇ ಶಬ್ದ. ವಾರದೊಳಗೆ ಅದಕ್ಕೆ ‘ಜ್ಯಾದಾ ಹೈ’, ಹೆಚ್ಚಾಯಿತು, ಎಂದು ಸೇರಿಸಿಕೊಂಡೆ, ಮುಂಬಯಿಯಲ್ಲಿ ಬದುಕಲು ಅಷ್ಟು ವ್ಯಾಕರಣ ಸಾಕಾಯಿತು. ಬೈಕುಲ್ಲಾದ ಗೋದಾಮುಗಳಿಂದ ಮಿಲ್ಲಿನ ‘ಸೆಕೆಂಡ್ಸ್’ ಮಾಲು, ಅಂದರೆ ನೇಯ್ಗೆಯಲ್ಲಿ ಎಲ್ಲೋ ಒಂದು ಎಳೆ ತಪ್ಪಿದ ಬಟ್ಟೆ, ಅಗ್ಗಕ್ಕೆ ತಂದು ನಮ್ಮ ಬಿಲ್ಡಿಂಗಿನ ಹೆಂಗಸರಿಗೆ ಮಾರುತ್ತಾ ಶುರು ಮಾಡಿದವಳು, ನಾಲ್ಕಾರು ವರ್ಷದಲ್ಲಿ ಬೋರಿವಲಿಯವರೆಗೂ ಗಿರಾಕಿ ಮಾಡಿಕೊಂಡೆ. ನಮ್ಮ ಯಜಮಾನರು ಶ್ರೀಕಂಠ, ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು, ಇದಕ್ಕೆ ಪೂರಾ ಉಲ್ಟಾ. ಪ್ಲಾಟ್‌ಫಾರ್ಮಿನಲ್ಲಿ ಪೇರಲೆ ಮಾರುವವಳು ಹೇಳಿದ್ದನ್ನು ಹೇಳಿದ ಹಾಗೆ ಕೊಟ್ಟು, ಹಣ್ಣಿನ ಜೊತೆಗೆ ಒಂದು ಥ್ಯಾಂಕ್ಸೂ ಕೊಟ್ಟು ಬರುತ್ತಿದ್ದರು. ಮಾತು ಕಡಿಮೆ. ಕಾಗದದ ಮೇಲೆ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿದು ಅಭ್ಯಾಸವಾಗಿ ಮಾತನ್ನೂ ಹಾಗೇ ಹಿಡಿದುಕೊಂಡಿದ್ದಾರೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಮನೆಯಲ್ಲಿ ಮಾತಿನ ಖಾತೆ ನನ್ನದು, ಕಿವಿಯ ಖಾತೆ ಅವರದು. ಇಪ್ಪತ್ತು ವರ್ಷ ಈ ಪಾಲುದಾರಿಕೆ ತಕರಾರಿಲ್ಲದೆ ನಡೆಯಿತು.

ಆ ವರ್ಷ ಯುಗಾದಿಯ ಹೊತ್ತಿಗೆ ಅವರು ಸೌಟಿಗೆ ಸ್ಕೇಲು ಅನ್ನತೊಡಗಿದರು. ವಯಸ್ಸಾಯಿತು, ಆಫೀಸಿನ ಗುಂಗು ಬಿಟ್ಟಿಲ್ಲ ಎಂದು ನಕ್ಕೆವು. ಆಮೇಲೆ ಒಂದು ಬೆಳಿಗ್ಗೆ ಸ್ನಾನದ ಮನೆಯಲ್ಲಿ ಬಿದ್ದು ಬಲಗೈ ಅದುರಿತು, ಸ್ಕ್ಯಾನ್ ಆಯಿತು, ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ತೆಗೆದ ಗಡ್ಡೆಯ ರಿಪೋರ್ಟು ಬಂತು. ನಾಲ್ಕನೆಯ ದರ್ಜೆ. ನಮ್ಮ ಬಟ್ಟೆ ಬಜಾರಿನಲ್ಲಿ ದರ್ಜೆಯ ಅಂಕಿ ಏರಿದಷ್ಟೂ ಮಾಲು ದುರ್ಬಲ. ಆಸ್ಪತ್ರೆಯಲ್ಲಿ ಅಂಕಿ ಏರಿದಷ್ಟೂ ಗಡ್ಡೆ ಗಟ್ಟಿಗ.

ಡಾಕ್ಟರ್ ದೇಸಾಯಿಯವರು ಬಿಜಾಪುರದ ಕಡೆಯವರು. ಕನ್ನಡದವಳೆಂದು ಗೊತ್ತಾದ ಮೇಲೆ ನನ್ನೊಡನೆ ಬೇರೆ ಭಾಷೆ ಆಡಲಿಲ್ಲ. ಗಡ್ಡೆ ಇರುವ ಜಾಗ ಮಾತಿನ ಮನೆಯ ಗೋಡೆಗೆ ಒತ್ತಿಕೊಂಡಿದೆ, ಬೇರುಗಳು ಕಣ್ಣಿಗೆ ಕಾಣದ ಹಾಗೆ ಹರಡಿವೆ, ಪೂರ್ತಿ ತೆಗೆಯಲು ಬರುವುದಿಲ್ಲ, ಮತ್ತೆ ಬೆಳೆಯುತ್ತದೆ, ಬೆಳೆದಾಗ ಮೊದಲು ಹೋಗುವುದು ಮಾತು ಎಂದು ನಿಧಾನವಾಗಿ ಹೇಳಿದರು. ನಾನು ಅದನ್ನೆಲ್ಲ ಮಾಲಿನ ವರ್ಣನೆಯೆಂದು ದಾಟಿಸಿ, ಬೆಲೆಯ ಮಾತಿಗೆ ಕಾದು ಕೂತಿದ್ದೆ.

‘ಒಂದು ವರ್ಷ ಅನ್ರಿ, ಅಕ್ಕಾವ್ರ.’

‘ಒಂದೇ ಅಂದ್ರೆ ಹೇಗೆ ಡಾಕ್ಟ್ರೇ? ಬೀಡಿ ಇಲ್ಲ, ಸಿಗರೇಟಿಲ್ಲ, ಇರುವೆ ತುಳಿದ್ರೂ ನೊಂದುಕೊಳ್ಳೋ ಮನುಷ್ಯ.’

‘ಹೌದ್ರಿ. ಆದ್ರ ಈ ಗಡ್ಡಿ ಅದನ್ನೆಲ್ಲಾ ಕೇಳಂಗಿಲ್ಲ.’

‘ಮೂರು ಅನ್ನಿ.’

‘ಅಕ್ಕಾವ್ರ, ಇದು ಕಾಯಿಪಲ್ಯಾ ಸಂತಿ ಅಲ್ರಿ.’

ನಾನು ಎದ್ದು ಬಾಗಿಲ ತನಕ ನಡೆದೆ. ಇದು ನನ್ನ ಹಳೆಯ ಪಟ್ಟು. ಬೈಕುಲ್ಲಾದಲ್ಲಿ ಇದಕ್ಕೆ ಸೋಲದ ವ್ಯಾಪಾರಿಯಿಲ್ಲ. ದೇಸಾಯಿಯವರೂ ಹಿಂದಿನಿಂದ ಕರೆದರು. ಫಿಲ್ಮು ಮೇಜಿನ ಮೇಲೇ ಮರೆತಿದ್ದೆ, ಅದಕ್ಕೆ ಕರೆದದ್ದು. ಆದರೆ ಕರೆದ ಮೇಲೆ ಬಿಡುವವಳೇ ನಾನು? ಮತ್ತೆ ಕೂತೆ. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ದೇಸಾಯಿಯವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ‘ಎರಡು ವರ್ಷ ಇದ್ದವರೂ ಅದಾರ್ರಿ, ಇಲ್ಲಂತಲ್ಲ. ಭಾಳ ಕಮ್ಮಿ,’ ಎಂದರು. ‘ಎರಡು ವರ್ಷ’ವನ್ನು ನಾನು ಎತ್ತಿಕೊಂಡೆ, ‘ಭಾಳ ಕಮ್ಮಿ’ಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ. ವಾರ್ಡಿನಲ್ಲಿ ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ ಇವರ ಕಿವಿಯಲ್ಲಿ, ‘ಎರಡಕ್ಕೆ ಒಪ್ಪಿಸಿದೆ ಕಣ್ರೀ,’ ಅಂದೆ. ಇವರು ನಿಧಾನವಾಗಿ, ‘ಬರೆಸಿಕೊಂಡ್ಯಾ?’ ಅಂದರು. ಅವರ ತಮಾಷೆ ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು. ಡಾಕ್ಟರು ಬೆಲೆ ಹೇಳಿರಲಿಲ್ಲ, ದಾಸ್ತಾನು ಎಷ್ಟಿದೆ ಎಂದು ಹೇಳಿದ್ದರು. ಚೌಕಾಸಿಯಿಂದ ಬೆಲೆ ಅಲುಗಾಡುತ್ತದೆ, ದಾಸ್ತಾನು ಅಲುಗಾಡುವುದಿಲ್ಲ.

ರೇಡಿಯೇಷನ್ ಮುಗಿದು ಮನೆಗೆ ಬಂದ ಹೊಸತರಲ್ಲಿ, ಮೇಲಿನ ಮಹಡಿಯ ಪಾಟೀಲ್ ಕಾಕಾ ಇಂಗ್ಲಿಷ್ ಪೇಪರಿನ ಒಂದು ತುಂಡು ಹಿಡಿದು ಇಳಿದು ಬಂದರು. ರಿಟೈರಾದ ಮೇಲೆ ಪೇಪರನ್ನು ಜಾಹೀರಾತೂ ಬಿಡದೆ ಓದುತ್ತಿದ್ದ ವೃದ್ಧರು. ‘ವಹಿನಿ, ಹೇ ಬಘಾ,’ ಅತ್ತಿಗೆ, ಇದನ್ನು ನೋಡಿ, ಎಂದು ಅದನ್ನು ನನಗೆ ಹಿಂದಿ ಮರಾಠಿ ಬೆರೆಸಿ ಬಿಡಿಸಿ ಹೇಳಿದರು. ಅಮೆರಿಕದಲ್ಲಿ ಇದೇ ಗಡ್ಡೆಗೆ ಹೊಸದೊಂದು ಪ್ರಯೋಗ ನಡೆದಿತ್ತು. ಹೇಳುತ್ತೇನೆ ಕೇಳಿ, ಇಷ್ಟು ಚೆಂದದ ಉಪಾಯವನ್ನು ನಾನು ಬಜಾರಿನಲ್ಲೂ ಕಂಡವಳಲ್ಲ. ದೊಡ್ಡವರ ಮಿದುಳಿನ ಜೀವಕೋಶಗಳು ಬಹುಮಟ್ಟಿಗೆ ಒಡೆದು ಎರಡಾಗುವುದಿಲ್ಲ. ಗಡ್ಡೆಯವು ಮಾತ್ರ ಹುಚ್ಚು ಹಿಡಿದ ಹಾಗೆ ಒಡೆಯುತ್ತಲೇ ಇರುತ್ತವೆ. ಹಾಗೆ ಒಡೆಯುವ ಕೋಶಗಳಲ್ಲಿ ಮಾತ್ರ ಮನೆಮಾಡುವ ಒಂದು ಜಾತಿಯ ವೈರಸ್ ಇದೆ. ಅದರ ಕೇಡಿನ ಭಾಗವನ್ನು ಕಿತ್ತುಹಾಕಿ, ಆ ಜಾಗದಲ್ಲಿ ಇನ್ನೊಂದು ವೈರಸ್ಸಿನ, ಜ್ವರ ಬಂದಾಗ ತುಟಿಯಂಚಿಗೆ ಗುಳ್ಳೆ ಎಬ್ಬಿಸುವುದರ, ಒಂದೇ ಒಂದು ಜೀನನ್ನು ಹೊಲಿದು ಸೇರಿಸುತ್ತಾರೆ. ಈ ವೈರಸ್ಸನ್ನು ಹಡೆಯುತ್ತಲೇ ಇರುವ ಇಲಿಯ ಕೋಶಗಳನ್ನು ಸೂಜಿಯಿಂದ ನೇರ ಗಡ್ಡೆಯೊಳಕ್ಕೆ ಬಿಡುತ್ತಾರೆ. ಕೆಲವು ದಿನ ಬಿಟ್ಟು ಆ ಗುಳ್ಳೆಯ ಜಾತಿಯ ವೈರಸ್ಸುಗಳಿಗೆ ಕೊಡುವ ಮದ್ದು ಕೊಡುತ್ತಾರೆ. ಜೀನು ಸೇರಿಕೊಂಡ ಕೋಶ ಆ ಮದ್ದನ್ನು ತನ್ನ ಕೈಯಾರೆ ವಿಷ ಮಾಡಿಕೊಂಡು ಸಾಯುತ್ತದೆ, ಸಾಯುವಾಗ ಪಕ್ಕದ ಕೆಲವನ್ನೂ ಎಳೆದುಕೊಂಡು ಹೋಗುತ್ತದೆ. ಜೀನಿಲ್ಲದ ಒಳ್ಳೆಯ ಕೋಶಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ.

ಕಾಕಾ ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಮಿಲ್ಲಿನಲ್ಲಿ ಬಟ್ಟೆ ತಪಾಸಣೆ ಮಾಡುವವರು ಎಳೆ ತಪ್ಪಿದ ಕಡೆ ಅಂಚಿನಲ್ಲಿ ಒಂದು ಬಣ್ಣದ ದಾರ ಕಟ್ಟುತ್ತಾರೆ. ಆಮೇಲೆ ಬರುವವನು ಥಾನು ಬಿಚ್ಚಿ ನೋಡಬೇಕಿಲ್ಲ, ದಾರ ಕಂಡಲ್ಲಿ ಕತ್ತರಿ ಹಾಕಿದರಾಯಿತು. ಇದೂ ಅದೇ. ಅಷ್ಟು ದೂರದ ವಿಜ್ಞಾನಿಗಳು ನನ್ನ ಕಸುಬಿನ ಗುಟ್ಟನ್ನೇ ಕಂಡುಹಿಡಿದಿದ್ದಾರೆ ಎಂದು ಒಂದು ಥರ ಜಂಬವೂ ಬಂತು. ಮರುದಿನವೇ ಪರೇಲಿಗೆ ಓಡಿದೆ.

ದೇಸಾಯಿಯವರು ಪೇಪರಿನ ತುಂಡನ್ನು ಓದಿ, ತಮಗೆ ಗೊತ್ತಿದೆ ಎಂದರು. ಕೈಬೆರಳಲ್ಲಿ ಎಣಿಸುವಷ್ಟು ರೋಗಿಗಳ ಮೇಲೆ, ಅಪಾಯ ಉಂಟೋ ಇಲ್ಲವೋ ಎಂದು ಮೊದಲು ನೋಡುತ್ತಿದ್ದಾರೆ, ಗುಣವಾಗುತ್ತದೆಯೋ ಎನ್ನುವುದು ಆಮೇಲಿನ ಪ್ರಶ್ನೆ ಎಂದರು. ನಾನು, ಇಲಿ ತಾನೆ ಬೇಕಾದದ್ದು, ಧಾರಾವಿಯಲ್ಲಿ ಬೇಕಾದಷ್ಟಿವೆ, ಇಲ್ಲೇ ಮಾಡಿ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ, ನಕ್ಕದ್ದಕ್ಕೆ ಪಾಪ ನಾಚಿಕೊಂಡರು. ಕೊನೆಗೆ ಹೇಳಿದರು: ‘ಅಕ್ಕಾವ್ರ, ಇದು ಮಾರಾಟಕ್ಕಿಲ್ರಿ.’

ಇಲ್ಲೇ ನೋಡಿ ನಾನು ಎಡವಿದ್ದು. ಬೇರೆ ಯಾವ ಹೆಂಗಸಾದರೂ ಆ ಮಾತಿಗೆ ಅತ್ತು ಮನೆಗೆ ಹೋಗುತ್ತಿದ್ದಳು. ಆದರೆ ಬಜಾರಿನಲ್ಲಿ ‘ಮಾರಾಟಕ್ಕಿಲ್ಲ’ ಎಂಬ ಮಾತಿಗೆ ಇಲ್ಲ ಎಂಬ ಅರ್ಥವಿಲ್ಲ. ಅಂಗಡಿಯವನು ಮಾಲನ್ನು ಗಾದಿಯ ಕೆಳಗೆ ಇಟ್ಟಿದ್ದಾನೆ, ನೀನು ಎಷ್ಟು ಸಲ ಬರುತ್ತೀ ನೋಡುತ್ತೇನೆ ಅನ್ನುತ್ತಿದ್ದಾನೆ, ಅಷ್ಟೆ. ನಾನು ಎಷ್ಟು ಸಲ ಬರಬಲ್ಲೆ ಎಂದು ತೋರಿಸಲು ಹೊರಟೆ. ಬೋರಿವಲಿಯ ಗಿರಾಕಿಯೊಬ್ಬಳ ಮೈದುನ ಅಮೆರಿಕದಲ್ಲಿದ್ದ, ಅವನಿಗೆ ಫ್ಯಾಕ್ಸು. ದೇಸಾಯಿಯವರ ಜೊತೆ ಓದಿದವರೊಬ್ಬರು ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿದ್ದರು, ಅವರಿಗೆ ದೇಸಾಯಿಯವರಿಂದಲೇ ಫ್ಯಾಕ್ಸು. ಈ ಡಾಕ್ಟರ ಅಭಿಪ್ರಾಯ, ಆ ಡಾಕ್ಟರ ಚೀಟಿ. ಬೆಳಿಗ್ಗೆ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಸೇತುವೆ ದಾಟುವಾಗ ಮಳೆ, ಸಂಜೆ ದಹಿಸರಿನಲ್ಲಿ ಇಳಿಯುವಾಗ ಮಳೆ. ಎಲ್ಲೂ ಯಾರೂ ನನ್ನನ್ನು ಗದರಲಿಲ್ಲ, ಅದು ನನ್ನ ಆಸೆಯನ್ನು ಇನ್ನೂ ಬೆಳೆಸಿತು. ಗದರದ ಅಂಗಡಿಯವನು ಕೊಡುತ್ತಾನೆ.

ಆ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಸಂಗತಿ ನಡೆಯುತ್ತಿತ್ತು. ಮಿದುಳಿನ ಊತ ಇಳಿಯಲೆಂದು ಕೊಟ್ಟ ಸ್ಟಿರಾಯ್ಡ್ ಮಾತ್ರೆಗಳಿಂದ ಇವರಿಗೆ ವಿಪರೀತ ಹಸಿವು, ಮತ್ತು ವಿಪರೀತ ಮಾತು. ಊತ ಇಳಿದು ಮಾತಿನ ಬಾಗಿಲು ತೆರೆದುಕೊಂಡಿತ್ತು, ಮಾತ್ರೆಯ ಉಮೇದು ಬೇರೆ. ಜೀವಮಾನವೆಲ್ಲ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟವರ ಹಾಗೆ ಮಾತಾಡತೊಡಗಿದರು. ನಾನು ಒದ್ದೆ ಚಪ್ಪಲಿ ಬಿಡುವುದರೊಳಗೆ, ‘ಕೂತ್ಕೋ ಬಾ, ಒಂದು ವಿಷಯ ಹೇಳ್ತೀನಿ,’ ಅನ್ನುತ್ತಿದ್ದರು. ‘ನಾಳೆ ಹೇಳೀರಂತೆ ರೀ, ಫ್ಯಾಕ್ಸ್ ಅಂಗಡಿ ಮುಚ್ಚಿಬಿಡತ್ತೆ,’ ಎಂದು ನಾನು ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ ಹೊರಡುತ್ತಿದ್ದೆ. ಒಮ್ಮೆ ಅವರೇ ಅಂದರು: ‘ಇಪ್ಪತ್ತು ವರ್ಷ ನೀನು ಮಾತಾಡಿದೆ, ನಾನು ಕೇಳಿದೆ. ಈಗ ನನ್ನ ಸರದಿ ಬಂತು ಅಂದ್ರೆ ನೀನು ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ತಿದ್ದೀಯಲ್ಲೇ ಕಮಲಾ.’ ನಾನು ನಕ್ಕೆ. ಅಮೆರಿಕದಿಂದ ಬಂದ ಮೇಲೆ ಎರಡು ವರ್ಷವೇನು, ಇಪ್ಪತ್ತು ವರ್ಷ ಮಾತಾಡಿ ಅಂದೆ. ನನ್ನ ಲೆಕ್ಕದಲ್ಲಿ ಆಗಲೇ ಬಾಕಿಯ ವರ್ಷಗಳು ಕೈಗೆ ಬಂದುಬಿಟ್ಟಿದ್ದವು.

ಗಣಪತಿ ಹಬ್ಬದ ಹಿಂದಿನ ವಾರ ದೇಸಾಯಿಯವರು ಹೇಳಿ ಕಳಿಸಿದರು. ಅವರ ಗೆಳೆಯರಿಂದ ಉತ್ತರ ಬಂದಿತ್ತು: ಜಾಗ ಸಿಗುವ ಭರವಸೆ ಇಲ್ಲ, ಆದರೆ ವಿಚಾರ ಮಾಡುವುದಕ್ಕೂ ಮೊದಲು ರೋಗಿಗೆ ಎಲ್ಲವನ್ನೂ ತಿಳಿಸಿರಬೇಕು, ಅವರು ತಾವಾಗಿ, ತಮ್ಮ ಬಾಯಿಂದ ಒಪ್ಪಿರಬೇಕು. ದೇಸಾಯಿಯವರು ನನ್ನ ಮುಖ ನೋಡಿ, ‘ಯಜಮಾನ್ರನ್ನ ಕೇಳೀರೇನ್ರಿ?’ ಎಂದರು.

ಕೇಳಿರಲಿಲ್ಲ. ಯಾವ ಗಿರಾಕಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನಾನೇ ಆರಿಸಿ ಒಯ್ಯುವವಳು; ಅವರನ್ನೇನು ಕೇಳುವುದು ಎನ್ನುವ ರೂಢಿ ಮನೆಯೊಳಗೂ ಬಂದುಬಿಟ್ಟಿತ್ತು. ಆ ಸಂಜೆ ಅವರ ಮುಂದೆ ಚಾಪೆಯ ಮೇಲೆ ಒಂದು ಸೀರೆ ಹರಡಿ, ಅಂಚಿಗೆ ದಾರ ಕಟ್ಟಿ, ವೈರಸ್ಸು, ಇಲಿಯ ಕೋಶ, ಮದ್ದು, ವಿಷ ಎಲ್ಲವನ್ನೂ ವಿವರಿಸಿದೆ. ಗೆರೆ ಎಳೆಯುವಾಗಿನ ಗಮನದಿಂದಲೇ ಕೇಳಿದರು. ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ‘ಹೋಗೋಣ್ವಾ? ನೀವು ಹೇಳಬೇಕಂತೆ,’ ಅಂದೆ. ಅವರು ಬಾಯಿ ತೆರೆದರು. ‘ಛತ್ರಿ,’ ಎಂದರು. ತಲೆ ಅಲ್ಲಾಡಿಸಿದರು. ‘ಛತ್ರಿ... ಒಣಗಿದ...’ ಅದಲ್ಲ ಎಂದು ಅವರಿಗೇ ಗೊತ್ತಿತ್ತು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಹುಡುಕಿದರು, ಸಿಗಲಿಲ್ಲ. ನನ್ನ ಮುಖ ನೋಡಿ ನಕ್ಕುಬಿಟ್ಟರು. ಆಮೇಲೆ ಸೀರೆಯನ್ನು ಒಂದು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ತಮ್ಮ ಪಕ್ಕದ ಜಾಗವನ್ನು ಎಡಗೈಯಿಂದ ಎರಡು ಸಲ ತಟ್ಟಿದರು. ಕೂತೆ. ಕೆಳಗೆ ರಸ್ತೆಯಲ್ಲಿ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದರು. ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು. ಹೇಳುವ ವಿಷಯ ಕಣ್ಣಿನವರೆಗೆ ಬರುತ್ತಿತ್ತು, ಅಲ್ಲಿಂದ ಈಚೆಗೆ ಬರುತ್ತಿರಲಿಲ್ಲ.

ಅಮೆರಿಕದ ಮಾತು ಅಲ್ಲಿಗೇ ನಿಂತಿತು. ಸಂಕ್ರಾಂತಿಗೆ ಮೊದಲೇ ಹೋದರು. ದೇಸಾಯಿಯವರು ಹೇಳಿದ ಒಂದು ವರ್ಷವೂ ತುಂಬಲಿಲ್ಲ.

ಆಮೇಲೆ ಶುರುವಾಯಿತು ನನ್ನ ಹೊಸ ಖರೀದಿ. ಆ ಮಳೆಗಾಲದಲ್ಲಿ ಅವರು ಆಡಿದ ಮಾತುಗಳನ್ನು ಬೇರೆಯವರ ಬಳಿಯಿಂದ ಕೇಳಿ ತರುವುದು. ಪಾಟೀಲ್ ಕಾಕಾರ ಬಳಿ ಬಹಳ ಇತ್ತು, ದಿನಾ ಮಧ್ಯಾಹ್ನ ಇಳಿದು ಬಂದು ಇವರ ಪಕ್ಕದಲ್ಲಿ ಕೂರುತ್ತಿದ್ದರಂತೆ. ಆಫೀಸಿನಲ್ಲಿ ಎಳೆದ ಯಾವ ನಕ್ಷೆಯ ಯಾವ ಸೇತುವೆ ಕೊನೆಗೂ ಕಟ್ಟಲೇ ಇಲ್ಲ ಎನ್ನುವುದರಿಂದ ಹಿಡಿದು, ಹೆಂಡತಿಯ ವ್ಯಾಪಾರದ ಬುದ್ಧಿಯವರೆಗೆ. ‘ಬಹುತ್ ಹಸಾತಾ ಥಾ, ವಹಿನಿ,’ ಎಂದು ಕಾಕಾ ಕಣ್ಣೊರೆಸಿಕೊಂಡರು. ನಮ್ಮ ಮನೆಯಲ್ಲಿ ಬಹಳ ನಗಿಸುವ ಗಂಡಸೊಬ್ಬರಿದ್ದರು ಎಂಬುದನ್ನು ನಾನು ಮೇಲಿನ ಮಹಡಿಯಿಂದ ತಿಳಿಯಬೇಕಾಯಿತು.

ಹೆಚ್ಚಿನದು ಇದ್ದದ್ದು ಮಗಳು ವಿದ್ಯಾಳ ಹತ್ತಿರ. ಆಗ ಕಾಲೇಜಿಗೆ ಸೇರಿದ್ದಳು. ಅವರು ಅವಳಿಗೆ ಹೇಳಿದ್ದೆಲ್ಲ ಕನ್ನಡದಲ್ಲಿ, ತಿಪಟೂರಿನ ಕಡೆಯ ಗಟ್ಟಿ ಕನ್ನಡದಲ್ಲಿ. ಅವಳಿಗೆ ಅರ್ಥವಾಗುತ್ತದೆ, ಆಡಲು ಸರಿಯಾಗಿ ಬರುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹೀಗೇ. ಒಂದು ದಿನ ಸೀರೆ ಮಡಿಸುತ್ತಾ ಹೇಳಿದಳು: ಮದುವೆಯಾದ ಹೊಸತರಲ್ಲಿ ಅವಳ ಅಪ್ಪ ನನ್ನನ್ನು ಬೈಕುಲ್ಲಾಕ್ಕೆ ಬಕೆಟ್ಟು ಕೊಳ್ಳಲು ಕರೆದೊಯ್ದಿದ್ದರಂತೆ. ನಾನು ಅಂಗಡಿಯವನೊಡನೆ ನಾಲ್ಕು ಶಬ್ದದ ಹಿಂದಿಯಲ್ಲಿ ಜಗಳಕ್ಕೆ ನಿಂತಾಗ ಅವರು ನಾಚಿಕೆಯಿಂದ ಕಂಬದ ಹಿಂದೆ ಅಡಗಿಕೊಂಡರಂತೆ. ಬಕೆಟ್ಟು ಹಿಡಿದು ಟ್ರೇನಿನಲ್ಲಿ ಹಿಂದಿರುಗುವಾಗ, ಅಲ್ಲಿಯವರೆಗೂ ಈ ಊರಿನ ಬಗ್ಗೆ ಮನಸ್ಸಿನಲ್ಲಿದ್ದ ಹೆದರಿಕೆ...

‘ಅಪ್ಪ ಬೋಲಾ, ಉಸ್ ದಿನ್ ಸೇ ಡರ್ ನಿಕಲ್ ಗಯಾ.’

‘ಆ ದಿನದಿಂದ ಹೆದರಿಕೆ ಹೋಯ್ತು, ಸರಿ ಕಣೇ, ಅದನ್ನ ಕನ್ನಡದಲ್ಲಿ ಏನಂದ್ರು?’

‘ಗೊತ್ತಿಲ್ಲ ಅಮ್ಮ. ಕುಛ್ ಅಚ್ಛಾ ವರ್ಡ್ ಇತ್ತು.’

‘ಧೈರ್ಯ ಬಂತು ಅಂದ್ರಾ?’

‘ಊಹೂಂ.’

‘ನಿರಾಳ? ಹಗುರ? ಎದೆ ತಣ್ಣಗಾಯ್ತು ಅಂತ?’

ಅವಳು ಒಂದೊಂದಕ್ಕೂ ತಲೆ ಅಲ್ಲಾಡಿಸಿದಳು. ಇವತ್ತಿಗೂ ಕೆಲವೊಮ್ಮೆ ಅಡುಗೆ ಮಾಡುತ್ತಾ ಯಾವುದಾದರೂ ಪದ ಹೊಳೆದರೆ ಅವಳಿಗೆ ಫೋನು ಮಾಡಿ ಕೇಳುತ್ತೇನೆ. ‘ಅದಲ್ಲ ಅಮ್ಮ,’ ಎನ್ನುತ್ತಾಳೆ.

ನಾನು ಓಡಬಾರದಿತ್ತು ಎಂದು ಹೇಳುವವಳಲ್ಲ. ಓಡದೆ ಕೂತಿದ್ದರೆ, ಓಡಲಿಲ್ಲವಲ್ಲ ಎಂದು ಇನ್ನೊಂದು ಪ್ರಬಂಧ ಬರೆಯುತ್ತಿದ್ದೆ. ಆ ಉಪಾಯದ ಮೇಲೂ ನನಗೆ ಸಿಟ್ಟಿಲ್ಲ. ಮುಂದೆ ಓದಿಸಿಕೊಂಡು ತಿಳಿದದ್ದು ಇಷ್ಟು: ವೈರಸ್ಸು ಸೂಜಿ ಚುಚ್ಚಿದ ಜಾಗದ ಆಸುಪಾಸಿನ ಕೆಲವು ಕೋಶಗಳಿಗಷ್ಟೇ ತಲುಪುತ್ತಿತ್ತು, ದೂರ ಹರಡಿದ ಬೇರುಗಳಿಗೆ ಮುಟ್ಟುತ್ತಿರಲಿಲ್ಲ. ದಾರವೇನೋ ಸರಿಯಾದದ್ದೇ, ಕಟ್ಟುವ ಕೈ ಥಾನಿನ ಉದ್ದಕ್ಕೂ ಹೋಗಲಿಲ್ಲ. ಇನ್ನೂ ಬೇರೆ ವೈರಸ್ಸು, ಬೇರೆ ಜೀನು ಹಿಡಿದು ಪ್ರಯತ್ನಪಡುತ್ತಲೇ ಇದ್ದಾರೆ. ಪಡಲಿ. ಒಂದು ದಿನ ತಲುಪುತ್ತದೆ ಎಂದು ನಾನು ನಂಬಿದ್ದೇನೆ. ನಂಬುವುದಕ್ಕೆ ಯಾರೂ ಬೆಲೆ ಕೇಳುವುದಿಲ್ಲ. ಆದರೆ ವಿಜ್ಞಾನದ ಕಾಲವೇ ಬೇರೆ, ಒಂದು ಮನೆಯ ಕಾಲವೇ ಬೇರೆ. ವಿಜ್ಞಾನಕ್ಕೆ ಮುಂದಿನ ಮಳೆಗಾಲ ಇದೆ.

ಆದ್ದರಿಂದ, ಕೇಳದಿದ್ದರೂ ಹೇಳುತ್ತೇನೆ. ಡಾಕ್ಟರು ಹೇಳಿದ ಕಾಲವನ್ನು ಎಳೆದು ಉದ್ದ ಮಾಡಬೇಡಿ. ಅವರು ಹೇಳಿದ್ದಕ್ಕಿಂತ ಒಂದಿಷ್ಟು ಕಡಿಮೆಯೇ ಇದೆ ಎಂದುಕೊಂಡು ಖರ್ಚು ಮಾಡಿ, ಉಳಿದರೆ ಲಾಭ. ಎಷ್ಟು ದಿನ ಎಂದು ಕೇಳುವ ಮೊದಲು, ಮೊದಲು ಹೋಗುವುದು ಯಾವುದು ಎಂದು ಕೇಳಿ. ಕಾಲು ಹೋಗುವುದಾದರೆ ಈಗಲೇ ನಡೆದಾಡಿಸಿ. ಕಣ್ಣಾದರೆ ನೋಡಬೇಕೆಂದದ್ದನ್ನು ತೋರಿಸಿ. ಹೊಸ ಚಿಕಿತ್ಸೆಯ ಸುದ್ದಿ ಬಂದರೆ, ಅದನ್ನು ಬಯಸುತ್ತಾರೋ ಇಲ್ಲವೋ ಎಂದು ಕಾಯಿಲೆಯವರನ್ನೇ ಮೊದಲು ಕೇಳಿ, ಬಾಯಿ ಇರುವಾಗಲೇ ಕೇಳಿ. ಬೇಕೆಂದರೆ ಖಂಡಿತ ಬೆನ್ನುಹತ್ತಿ, ಆದರೆ ಓಡಾಡಲು ಬೇರೆ ಯಾರನ್ನಾದರೂ ಹಿಡಿಯಿರಿ. ಪ್ರತಿಯೊಂದು ಬಿಲ್ಡಿಂಗಿನಲ್ಲೂ ಇನ್ನೊಬ್ಬರ ಕೆಲಸಕ್ಕೆ ಓಡಾಡುವುದೆಂದರೆ ಹುರುಪುಗೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ, ಸಂಕೋಚಪಡಬೇಡಿ. ಮತ್ತು ಮಾತು ಹೋಗುವುದೆಂದು ಹೇಳಿದ್ದರೆ ನೀವು ಹೋಗಿ ಪಕ್ಕದಲ್ಲಿ ಕೂತುಬಿಡಿ. ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆಂದು ಬಿಡಬೇಡಿ. ಕೂರುವ ಮೊದಲು ಒಲೆಯ ಮೇಲೆ ಹಾಲು ಇಟ್ಟಿದ್ದರೆ ಗ್ಯಾಸು ಆರಿಸಿ ಬನ್ನಿ; ಉಕ್ಕುತ್ತದೆಂದು ನಡುವೆ ಎದ್ದು ಹೋಗುವ ಹಾಗೆ ಆಗಬಾರದು.